ಹಲೀಮಾರ ಹಸಿವು, ನಮ್ಮ ಮರೆವು

ಪ್ರವಾದಿ ಮುಹಮ್ಮದ್ (ಸ) ಅವರ ಹಾಲುತಾಯಿ ಹಝ್ರತ್ ಹಲೀಮಾ ಸಅದಿಯಾ (ರ) ಅವರ ಕಥೆಯನ್ನು ಕೇಳದೆ ಬೆಳೆದ ಮುಸ್ಲಿಂ ಮಗು ಅಪರೂಪ. ರಬೀಉಲ್ ಅವ್ವಲ್ ತಿಂಗಳು ಬಂತೆಂದರೆ ಮಸೀದಿಯ ಪ್ರವಚನಗಳಲ್ಲಿ, ಹೆಂಗಸರ ಮೀಲಾದ್ ಕೂಟಗಳಲ್ಲಿ, ಕರಾವಳಿಯ ಮೌಲೂದ್ ಪಾರಾಯಣಗಳಲ್ಲಿ ಅದು ಮತ್ತೆ ಮತ್ತೆ ಕೇಳಿಬರುತ್ತದೆ. ಬರಗಾಲದ ವರ್ಷ, ಬಡಕಲು ಹೆಣ್ಣುಗತ್ತೆ, ಹಾಲು ಬತ್ತಿದ ಮುದಿ ಒಂಟೆ, ಯಾರಿಗೂ ಬೇಡವಾದ ಅನಾಥ ಶಿಶು. ಆ ಶಿಶುವನ್ನು ಮಡಿಲಿಗೆ ಎತ್ತಿಕೊಂಡ ಕೂಡಲೇ ಉಕ್ಕಿ ಬಂದ ಎದೆಹಾಲು. ಕಥೆ ಚಿಕ್ಕದು, ಕೇಳಿದಷ್ಟೂ ಸವಿ. ಆದರೆ ಇಷ್ಟು ಶತಮಾನಗಳ ಕಾಲ ಇಷ್ಟು ಬಾಯಿಗಳಿಂದ ಹೇಳಿಸಿಕೊಂಡ ಒಂದು ಕಥೆಯಲ್ಲಿ ಯಾವುದು ಉಳಿಯಿತು, ಯಾವುದು ದಾರಿಯಲ್ಲಿ ಉದುರಿಹೋಯಿತು ಎಂದು ನೋಡುವುದೂ ಓದುಗರ ಕೆಲಸವೇ. ಹಾಗೆ ನೋಡಿದರೆ ಉದುರಿಹೋದದ್ದು ಹಲೀಮಾರ ಹಸಿವು.

ಎಂಟನೇ ಶತಮಾನದಲ್ಲಿ ಇಬ್ನ್ ಇಸ್‌ಹಾಕ್ ಸಂಗ್ರಹಿಸಿದ, ಆಮೇಲೆ ಇಬ್ನ್ ಹಿಶಾಮ್ ಪರಿಷ್ಕರಿಸಿದ ಪ್ರವಾದಿ ಚರಿತ್ರೆಯಲ್ಲಿ ಈ ಭಾಗವನ್ನು ಹೇಳುವುದು ಸ್ವತಃ ಹಲೀಮಾ. ಅರಬಿ ಗದ್ಯದ ಆರಂಭದ ದಿನಗಳಲ್ಲಿ ಒಬ್ಬ ಬಡ ಹೆಂಗಸಿಗೆ ಇಷ್ಟು ಹೊತ್ತು ಮಾತನಾಡಲು ಬಿಟ್ಟ ಪುಟಗಳು ಹೆಚ್ಚಿಲ್ಲ. ಆಕೆ ಮೊದಲು ಹೇಳುವುದು ಪವಾಡವನ್ನಲ್ಲ, ಲೆಕ್ಕಾಚಾರವನ್ನು. ತಮ್ಮ ಬನೂ ಸಅದ್ ಬುಡಕಟ್ಟಿನ ಹೆಂಗಸರು ಹಾಲೂಡಿಸುವ ಮಕ್ಕಳನ್ನು ಹುಡುಕಿಕೊಂಡು ಮಕ್ಕಾಕ್ಕೆ ಹೊರಟದ್ದು, ಆ ವರ್ಷ ಮನೆಯಲ್ಲಿ ಏನೂ ಉಳಿದಿರಲಿಲ್ಲವೆಂಬುದು, ತನ್ನದೇ ಹಸುಗೂಸು ಹಸಿವಿನಿಂದ ಅತ್ತು ರಾತ್ರಿಯಿಡೀ ಯಾರಿಗೂ ನಿದ್ದೆಯಿಲ್ಲದ್ದು, ತನ್ನ ಎದೆಯಲ್ಲಿ ಆ ಕೂಸಿಗೇ ಸಾಲುವಷ್ಟು ಹಾಲಿಲ್ಲದ್ದು. ಅನಾಥ ಮಗುವನ್ನು ಯಾರೂ ಏಕೆ ಒಪ್ಪಲಿಲ್ಲ ಎಂಬುದನ್ನೂ ಆಕೆ ಮುಚ್ಚುಮರೆಯಿಲ್ಲದೆ ಹೇಳುತ್ತಾರೆ: ಕೈಬಿಚ್ಚಿ ಕೊಡುವವನು ತಂದೆ, ತಂದೆಯಿಲ್ಲದ ಮಗುವಿನ ತಾಯಿ ಅಥವಾ ತಾತನಿಂದ ಏನನ್ನು ನಿರೀಕ್ಷಿಸಬಹುದು? ಬೇರೆ ಯಾವ ಮಗುವೂ ಸಿಗದೆ, ಬರಿಗೈಯಲ್ಲಿ ಹಿಂದಿರುಗಲು ಮನಸ್ಸು ಬಾರದೆ, ಗಂಡನೊಡನೆ ಮಾತಾಡಿಕೊಂಡು ಆಕೆ ಆ ಮಗುವನ್ನು ಎತ್ತಿಕೊಳ್ಳುತ್ತಾರೆ.

ಇಲ್ಲಿ ಭಕ್ತಿಗಿಂತ ಮುಂಚೆ ಬದುಕು ಇದೆ. ಕೂಲಿಗಾಗಿ ಎದೆಹಾಲು ಕೊಡುವ ಒಂದು ಕಸುಬು, ಅದರ ಸ್ಪರ್ಧೆ, ಅದರ ನಿರಾಸೆ, ಕೂಲಿ ಹೆಂಗಸಿನ ಮಗುವಿನ ಅಳು ಎಲ್ಲವೂ ಇವೆ. ಹಾಲು ಉಕ್ಕಿದ್ದು ಆ ಮೇಲಿನ ಮಾತು. ಉಕ್ಕಿದ ಹಾಲನ್ನು ಎರಡು ಮಕ್ಕಳೂ ಹೊಟ್ಟೆ ತುಂಬ ಕುಡಿದು ಮಲಗಿದವೆಂದು ಹಲೀಮಾ ಹೇಳುತ್ತಾರೆ. ಆ ‘ಎರಡು ಮಕ್ಕಳೂ’ ಎಂಬುದು ಇಡೀ ಕಥೆಯ ಹೃದಯ. ನಮ್ಮ ಸಭೆಗಳಲ್ಲಿ ಕೇಳುವ ಕಥೆಯಲ್ಲಿ ಒಂದೇ ಮಗು ಇರುತ್ತದೆ. ಹಲೀಮಾರ ಬಡತನವೂ ಬರುತ್ತದೆ, ಆದರೆ ಮುಂದೆ ಬರುವ ಬರ್ಕತ್ತಿಗೆ ಹಿನ್ನೆಲೆಯ ಪರದೆಯಾಗಿ ಮಾತ್ರ. ಪರದೆ ಎತ್ತಿದ ಮೇಲೆ ಅದರ ನೆನಪು ಯಾರಿಗೂ ಇರುವುದಿಲ್ಲ.

ತಪ್ಪನ್ನೆಲ್ಲ ಮೀಲಾದ್ ಕಥನದ ಮೇಲೆ ಹೊರಿಸುವುದು ನ್ಯಾಯವಲ್ಲ. ಅಂಥ ಪಾರಾಯಣಗಳನ್ನು ಬಿದ್‌ಅತ್ ಎಂದು ತಳ್ಳಿಹಾಕುವವರೂ, ಕಣ್ಣುಮುಚ್ಚಿ ಒಪ್ಪುವವರೂ ಅದರ ಒಳಗನ್ನು ಓದಿದ್ದು ಕಡಿಮೆ. ಹದಿನೆಂಟನೇ ಶತಮಾನದಲ್ಲಿ ಮದೀನಾದ ಜಅಫರ್ ಬರ್ಝಂಜಿ ರಚಿಸಿದ ಮೌಲೂದ್ ಇಂದಿಗೂ ಶಾಫಿಈ ಪ್ರದೇಶಗಳಲ್ಲಿ ಪ್ರಚಾರದಲ್ಲಿದೆ. ಅದರಲ್ಲಿ, ಬಡವಳೆಂಬ ಕಾರಣಕ್ಕೆ ಜನ ಹಲೀಮಾರನ್ನೇ ಬೇಡವೆಂದಿದ್ದರು ಎಂಬ ಮಾತಿದೆ. ಎಂದರೆ ತಂದೆಯಿಲ್ಲದ ಮಗು, ಹಣವಿಲ್ಲದ ತಾಯಿ, ಎರಡೂ ಊರು ತಿರಸ್ಕರಿಸಿದ ಜೀವಗಳೇ. ನಂತರದ ಚರಿತ್ರೆಗಳಲ್ಲೂ ಮೀಲಾದ್ ಕಥನಗಳಲ್ಲೂ ಬರುವ ಇನ್ನೊಂದು ವಿವರವಿದೆ: ಶಿಶು ಪ್ರವಾದಿ (ಸ) ಒಂದೇ ಎದೆಯಿಂದ ಹಾಲು ಕುಡಿಯುತ್ತಿದ್ದರು, ಇನ್ನೊಂದನ್ನು ಹಾಲುಸೋದರನಿಗೆ ಬಿಡುತ್ತಿದ್ದರು. ಹದೀಸ್ ಶಾಸ್ತ್ರದ ತಕ್ಕಡಿಯಲ್ಲಿ ಈ ವಿವರ ಎಷ್ಟು ತೂಗುತ್ತದೆ ಎಂಬುದು ಬೇರೆ ಚರ್ಚೆ. ಇದನ್ನು ಕಥೆಗೆ ಸೇರಿಸಿದವರ ಕಣ್ಣು ಮಾತ್ರ ಸರಿಯಾದ ಜಾಗದಲ್ಲೇ ನೆಟ್ಟಿತ್ತು. ಹಾಗಾದರೆ ಬಡ ಹೆಂಗಸಿನ ಮಗುವಿಗೆ ಏನಾಯಿತು ಎಂಬ ಪ್ರಶ್ನೆಯನ್ನು ಅವರು ಕೇಳಿಕೊಂಡಿದ್ದರು. ಇಂದು ಕಥೆ ಹೇಳುವವರು ಆ ಪ್ರಶ್ನೆಯನ್ನೂ ಬಿಟ್ಟಿದ್ದಾರೆ, ಉತ್ತರವನ್ನೂ ಬಿಟ್ಟಿದ್ದಾರೆ.

ಹಲೀಮಾರಿಗಿಂತ ಮೊದಲು ಪ್ರವಾದಿಗೆ (ಸ) ಹಾಲೂಡಿದವರು ಸುವೈಬಾ. ಅಬೂಲಹಬನ ದಾಸಿ. ಹಝ್ರತ್ ಹಂಝಾ (ರ) ಅವರಿಗೂ ಆಕೆಯೇ ಹಾಲೂಡಿದ್ದರು. ಮೌಲೂದ್‌ಗಳಲ್ಲಿ ಸುವೈಬಾರ ಬಿಡುಗಡೆಯ ಪ್ರಸ್ತಾಪ ಬರುತ್ತದೆ. ಆದರೆ ಹೇಗೆ? ಆಕೆಯನ್ನು ಬಿಡುಗಡೆ ಮಾಡಿದ್ದಕ್ಕಾಗಿ ಅಬೂಲಹಬನಿಗೆ ನರಕದಲ್ಲೂ ಕೊಂಚ ತಂಪು ಸಿಗುತ್ತದೆ ಎಂಬ ರೂಪದಲ್ಲಿ. ದಾಸಿಯ ಸ್ವಾತಂತ್ರ್ಯ ಒಡೆಯನ ಪುಣ್ಯದ ಖಾತೆಗೆ ಜಮೆಯಾಯಿತು. ಪ್ರವಾದಿ (ಸ) ಮದೀನಾಕ್ಕೆ ಹೋದ ಮೇಲೂ ಆಕೆಗೆ ಬಟ್ಟೆಬರೆ ಕಳಿಸುತ್ತಿದ್ದರು, ಹಝ್ರತ್ ಖದೀಜಾ (ರ) ಆಕೆಯನ್ನು ಗೌರವದಿಂದ ಕಾಣುತ್ತಿದ್ದರು ಎಂದು ಇಬ್ನ್ ಸಅದ್ ಬರೆದಿಡುತ್ತಾರೆ. ಇದನ್ನು ನಾವು ವೇದಿಕೆಯಿಂದ ಕೇಳುವುದು ಎಷ್ಟು ಸಲ?

ಕುರ್‌ಆನ್ ಈ ವಿಷಯದಲ್ಲಿ ಬಳಸುವ ಭಾಷೆಯನ್ನು ಗಮನಿಸಬೇಕು. ಅಲ್‌ಬಕರಃ ಅಧ್ಯಾಯದ 233ನೆಯ ಸೂಕ್ತದಲ್ಲಿ ಎರಡು ವರ್ಷಗಳ ಹಾಲೂಡಿಕೆ, ತಾಯಿಯ ಅನ್ನಬಟ್ಟೆಯ ಹೊಣೆ ತಂದೆಯ ಮೇಲೆ, ಮಗುವಿನ ನೆಪದಲ್ಲಿ ತಾಯಿಗೆ ಕಷ್ಟ ಕೊಡಬಾರದು, ಹಾಲು ಬಿಡಿಸುವುದಾದರೆ ಇಬ್ಬರೂ ಮಾತಾಡಿ ಒಪ್ಪಿ ಬಿಡಿಸಬೇಕು, ಬೇರೆಯವರಿಂದ ಹಾಲೂಡಿಸುವುದಾದರೆ ಗೊತ್ತುಪಡಿಸಿದ್ದನ್ನು ಸರಿಯಾಗಿ ಕೊಡಬೇಕು ಎಂಬ ನಿರ್ದೇಶನಗಳಿವೆ. ಅತ್ತಲಾಕ್ ಅಧ್ಯಾಯದ 6ನೆಯ ಸೂಕ್ತ ವಿಚ್ಛೇದಿತ ಹೆಂಡತಿ ತನ್ನದೇ ಮಗುವಿಗೆ ಹಾಲೂಡಿದರೂ ಆಕೆಗೆ ಪ್ರತಿಫಲ ಕೊಡಬೇಕೆನ್ನುತ್ತದೆ. ಎದೆಹಾಲು ಪ್ರಕೃತಿಯ ದಾನ, ಹೆಂಗಸು ಅದನ್ನು ಪುಕ್ಕಟೆ ಕೊಡುವುದೇ ಧರ್ಮ ಎಂಬ ಮಾತು ಇಲ್ಲಿಲ್ಲ. ಹಾಲೂಡುವುದು ಒಂದು ಶ್ರಮ, ಶ್ರಮಕ್ಕೆ ಬೆಲೆಯಿದೆ. ಆ ಬಳಿಕ ಅನ್ನಿಸಾ ಅಧ್ಯಾಯದ 23ನೆಯ ಸೂಕ್ತ ಆ ಕೂಲಿಯ ಸಂಬಂಧವನ್ನು ರಕ್ತದ ಸಂಬಂಧದ ಪಕ್ಕಕ್ಕೆ ತಂದು ಕೂರಿಸುತ್ತದೆ. ಹೆತ್ತ ತಾಯಿ, ಮಗಳು, ಅಕ್ಕತಂಗಿಯರ ಜೊತೆಗೆ ಹಾಲೂಡಿದ ತಾಯಿಯನ್ನೂ ಹಾಲು ಹಂಚಿಕೊಂಡ ಸೋದರಿಯನ್ನೂ ವಿವಾಹ ನಿಷಿದ್ಧರ ಪಟ್ಟಿಯಲ್ಲಿ ಸೇರಿಸುತ್ತದೆ. ಕೂಲಿಯವಳು ಅಮ್ಮನಾಗುತ್ತಾಳೆ. ಕೂಲಿ ಕೊಟ್ಟು ಲೆಕ್ಕ ಚುಕ್ತಾ ಮಾಡಿಕೊಂಡ ಮೇಲೂ ತೀರದ್ದು ಏನೋ ಇದೆ ಎಂಬುದು ಇದರ ಧ್ವನಿ.

ನಮ್ಮ ಎರಡೂ ಭಾಷೆಗಳಿಗೆ ಈ ಧ್ವನಿ ಗೊತ್ತು. ಉರ್ದುವಿನಲ್ಲಿ ಹಾಲೂಡುವ ದಾದಿಗೆ ‘ಅನ್ನಾ’ ಎನ್ನುತ್ತಾರೆ. ಕನ್ನಡದ ಕಿವಿಗೆ ಅದು ‘ಅನ್ನ’ ಎಂದೇ ಕೇಳುತ್ತದೆ, ಬೇರು ಬೇರೆಯಾದರೂ ಆ ಕೇಳುವಿಕೆಯಲ್ಲಿ ತಪ್ಪೇನಿಲ್ಲ. ತಾಯಿ ಸಾಯುವ ಹೊತ್ತಿನಲ್ಲಿ ಮಕ್ಕಳು ಆಕೆಯಿಂದ ‘ದೂಧ್ ಬಖ್ಶ್‌ವಾನಾ’, ಎಂದರೆ ಕುಡಿದ ಹಾಲನ್ನು ಮನ್ನಾ ಮಾಡಿಸಿಕೊಳ್ಳುವುದು, ದಖನಿ ಮನೆಗಳಲ್ಲೂ ಗೊತ್ತಿರುವ ನುಡಿ. ಸಾಲವಾದ್ದರಿಂದಲೇ ಮನ್ನಾ. ಕನ್ನಡದಲ್ಲಿ ಹಾಲಿನ ಋಣವೆಂಬ ಮಾತಿದೆ. ಉಂಡ ಮನೆಯ ಜಂತಿ ಎಣಿಸಬಾರದೆಂಬ ಗಾದೆಯಿದೆ. ಕನ್ನಡ ಶಾಲೆಯಲ್ಲಿ ಕಲಿತ ಯಾವ ಮಗುವೂ ಮರೆಯದ ಗೋವಿನ ಹಾಡಿನಲ್ಲಿ ಪುಣ್ಯಕೋಟಿ ಹುಲಿಯ ಬಾಯಿಗೆ ಹೋಗುವ ಮುನ್ನ ತನ್ನ ಕರುವನ್ನು ಒಡಹುಟ್ಟಿದ ಹಸುಗಳ ಸುಪರ್ದಿಗೆ ಕೊಡುತ್ತದೆ. ಆ ಹಸುಗಳು ಅದನ್ನು ತಮ್ಮ ಮಗನೆಂದೇ ಕಾಣುತ್ತೇವೆ ಎನ್ನುತ್ತವೆ. ಹುಲಿಯ ಮುಂದಿನ ಸತ್ಯವನ್ನು ಕೊಂಡಾಡುವ ನಾವು ಕೊಟ್ಟಿಗೆಯಲ್ಲಿ ನಡೆದ ಈ ಮಾತುಕತೆಯನ್ನು ಅಷ್ಟಾಗಿ ಗಮನಿಸಿಲ್ಲ.

ಹಾಲಿನ ನಂಟು ಎಷ್ಟು ದೂರ ಹೋಗಬಲ್ಲದು ಎಂಬುದಕ್ಕೆ ಹುನೈನ್ ಯುದ್ಧದ ನಂತರದ ಘಟನೆ ಸಾಕ್ಷಿ. ಕ್ರಿ.ಶ. 630ರಲ್ಲಿ ಸೋತ ಹವಾಝಿನ್ ಪಂಗಡಕ್ಕೆ ಹಲೀಮಾರ ಬನೂ ಸಅದ್ ಸೇರಿತ್ತು. ಸೆರೆಸಿಕ್ಕವರಲ್ಲಿ ಹಲೀಮಾರ ಮಗಳು ಶೈಮಾ ಇದ್ದರು. ತಾನು ಪ್ರವಾದಿಯ ಅಕ್ಕ ಎಂದು ಆಕೆ ಹೇಳಿದಾಗ ಸೈನಿಕರು ನಂಬಲಿಲ್ಲ. ಪ್ರವಾದಿಯವರ (ಸ) ಮುಂದೆ ನಿಂತು, ಮಗುವಾಗಿದ್ದಾಗ ಅವರು ಕಚ್ಚಿದ ಗಾಯದ ಗುರುತನ್ನು ಆಕೆ ತೋರಿಸಿದರು. ಅವರು ತಮ್ಮ ಮೇಲುಹೊದಿಕೆಯನ್ನು ಹಾಸಿ ಅಕ್ಕನನ್ನು ಕೂರಿಸಿದರು, ಉಡುಗೊರೆ ಕೊಟ್ಟು ಆಕೆಯ ಇಚ್ಛೆಯಂತೆ ತಮ್ಮ ಜನರ ಬಳಿಗೆ ಕಳಿಸಿದರು. ಅದಾದ ಮೇಲೆ ಹವಾಝಿನ್ ನಿಯೋಗ ಬಂದು, ಸೆರೆಯಲ್ಲಿರುವ ಹೆಂಗಸರಲ್ಲಿ ನಿಮ್ಮ ಹಾಲಿನ ಸಂಬಂಧದ ಅತ್ತೆ, ಚಿಕ್ಕಮ್ಮಂದಿರಿದ್ದಾರೆ ಎಂದು ಬೇಡಿಕೊಂಡಿತು. ಪ್ರವಾದಿ (ಸ) ತಮ್ಮ ಮನೆತನದ ಪಾಲನ್ನು ಬಿಟ್ಟುಕೊಟ್ಟರು, ಅದನ್ನು ನೋಡಿ ಉಳಿದವರೂ ಬಿಟ್ಟುಕೊಟ್ಟರು. ಬಿಡುಗಡೆಯಾದ ಹೆಂಗಸರು ಮಕ್ಕಳ ಸಂಖ್ಯೆ 6,000 ಎಂದು ಇಬ್ನ್ ಇಸ್‌ಹಾಕ್ ಹೇಳುತ್ತಾರೆ. ಬರಗಾಲದ ವರ್ಷದಲ್ಲಿ ಕೊಟ್ಟ ಹಾಲು ಸುಮಾರು ಅರುವತ್ತು ವರ್ಷಗಳ ನಂತರ ಒಂದು ಪಂಗಡವನ್ನೇ ಉಳಿಸಿತು.

ಮೊಗಲರ ಚರಿತ್ರೆಯಲ್ಲಿ ಈ ನಂಟಿನ ಎರಡು ಮುಖಗಳೂ ಕಾಣುತ್ತವೆ. ಅಕ್ಬರನ ದಾದಿಯರ ಕುಟುಂಬಗಳು ಆಸ್ಥಾನದಲ್ಲಿ ದೊಡ್ಡ ಸ್ಥಾನಕ್ಕೇರಿದ್ದವು. ಮಾಹಂ ಅನಗಾ ಕಟ್ಟಿಸಿದ ಖೈರುಲ್ ಮನಾಝಿಲ್ ಮಸೀದಿ ದೆಹಲಿಯ ಹಳೆಯ ಕೋಟೆಯೆದುರು ಇಂದಿಗೂ ಇದೆ. 1562ರಲ್ಲಿ ಆಕೆಯ ಮಗ ಆದಮ್ ಖಾನ್, ಇನ್ನೊಬ್ಬ ದಾದಿ ಜೀಜೀ ಅನಗಾಳ ಗಂಡ ಅತಗಾ ಖಾನನನ್ನು ಅರಮನೆಯಲ್ಲೇ ಕೊಲ್ಲಿಸಿದ. ಅಕ್ಬರ್ ಅವನನ್ನು ಕೋಟೆಯ ಮೇಲಿಂದ ಕೆಳಗೆ ಎಸೆಯಿಸಿದ, ಜೀವ ಉಳಿದಿದೆಯೆಂದು ತಿಳಿದು ಎರಡನೆಯ ಸಲವೂ ಎಸೆಯಿಸಿದ. ಅದೇ ಅಕ್ಬರ್ ಜೀಜೀ ಅನಗಾಳ ಮಗ ಅಝೀಝ್ ಕೋಕಾ ಎಷ್ಟು ಸಲ ಎದುರು ಮಾತಾಡಿದರೂ ಸಹಿಸಿಕೊಂಡ, ತಮ್ಮಿಬ್ಬರ ನಡುವೆ ದಾಟಲಾಗದ ಹಾಲಿನ ಹೊಳೆ ಹರಿಯುತ್ತಿದೆ ಎಂಬರ್ಥದ ಅವನ ಮಾತು ಪ್ರಸಿದ್ಧ. ಜೀಜೀ ಅನಗಾ ತೀರಿಕೊಂಡಾಗ ಜನಾಝಾಕ್ಕೆ ಹೆಗಲು ಕೊಟ್ಟ. ದೊರೆಯ ಮನೆಯಲ್ಲಿ ಹಾಲಿಗೆ ಇಷ್ಟು ಬೆಲೆ. ಬಡವರ ಮನೆಯಿಂದ ಬಂದು ಶ್ರೀಮಂತರ ಮಕ್ಕಳಿಗೆ ಹಾಲೂಡಿ ಹೋದ ಸಾವಿರಾರು ಅನ್ನಾಗಳಿಗೆ ಯಾವ ಅಕ್ಬರನಾಮಾವೂ ಇಲ್ಲ.

ಅಂಥವಳೊಬ್ಬಳ ಚರಿತ್ರೆಯನ್ನು ಬರೆದವರು ಬಂಗಾಳಿಯ ಮಹಾಶ್ವೇತಾ ದೇವಿ. ಅವರ ‘ಸ್ತನದಾಯಿನಿ’ ಕಥೆಯ ಜಶೋದಾ ಬಡ ಬ್ರಾಹ್ಮಣ ಹೆಂಗಸು. ಗಂಡ ಕಾಲು ಕಳೆದುಕೊಂಡ ಮೇಲೆ ಹಾಲ್ದಾರರ ದೊಡ್ಡ ಮನೆಯ ಮಕ್ಕಳಿಗೆಲ್ಲ ಹಾಲೂಡುವುದೇ ಆಕೆಯ ಜೀವನೋಪಾಯ. ಹಾಲು ಬತ್ತದಿರಲೆಂದು ಆಕೆ ಹೆರುತ್ತಲೇ ಇರಬೇಕು. ಕೊನೆಗೆ ಅದೇ ಎದೆಗೆ ಕ್ಯಾನ್ಸರ್ ಬಂದು ಆಸ್ಪತ್ರೆಯಲ್ಲಿ ಸಾಯುವಾಗ ಹೆತ್ತ ಮಕ್ಕಳೂ ಇಲ್ಲ, ಹಾಲು ಕುಡಿದ ಮಕ್ಕಳೂ ಇಲ್ಲ. ಈ ಕಥೆಯನ್ನು ಓದಿದ ಮುಸ್ಲಿಂ ಓದುಗರಿಗೆ ಒಂದು ಕ್ಷಣ ಸಮಾಧಾನವಾಗಬಹುದು: ನಮ್ಮಲ್ಲಾಗಿದ್ದರೆ ಶರೀಅತ್ತಿನ ಪ್ರಕಾರ ಆ ಮಕ್ಕಳೆಲ್ಲ ಆಕೆಯ ಮಕ್ಕಳೇ ಆಗುತ್ತಿದ್ದರಲ್ಲ! ಈ ಸಮಾಧಾನವನ್ನು ತುಸು ಪರೀಕ್ಷಿಸಬೇಕು. ಫಿಕ್‌ಹ್ ಗ್ರಂಥಗಳ ಪ್ರಕಾರ ಹಾಲಿನ ನಂಟಿನಿಂದ ಮದುವೆ ನಿಷಿದ್ಧವಾಗುತ್ತದೆ, ಪರದೆಯ ಅಗತ್ಯ ತಪ್ಪುತ್ತದೆ. ಆದರೆ ಹಾಲುಮಗನ ಆಸ್ತಿಯಲ್ಲಿ ಹಾಲುತಾಯಿಗೆ ಪಾಲಿಲ್ಲ, ಮುಪ್ಪಿನಲ್ಲಿ ಅವನಿಂದ ಜೀವನಾಂಶ ಕೇಳುವ ಹಕ್ಕಿಲ್ಲ. ಕಾನೂನಿನ ಮಟ್ಟಿಗೆ ನಮ್ಮ ಜಶೋದಾ ಕೂಡ ಆಸ್ಪತ್ರೆಯಲ್ಲಿ ಒಂಟಿಯಾಗಿಯೇ ಸಾಯಬಹುದು. ಆಕೆಯನ್ನು ಕಾಯುವುದು ಕಾನೂನಲ್ಲ, ಪ್ರವಾದಿ ಮಾದರಿ. ಬರ ಬಂದಾಗ ಹಲೀಮಾರಿಗೆ ಖದೀಜಾ (ರ) ನಲವತ್ತು ಕುರಿಗಳನ್ನೂ ಒಂದು ಒಂಟೆಯನ್ನೂ ಕೊಟ್ಟರಂತೆ. ಹಾಸಿದ ಹೊದಿಕೆ, ಕಳಿಸಿದ ಬಟ್ಟೆ, ಕೊಟ್ಟ ಕುರಿಗಳು ಇವೆಲ್ಲ ಸುನ್ನತ್ತೇ ಅಲ್ಲವೆ? ಯಾರನ್ನು ಮದುವೆಯಾಗಬಾರದು ಎಂಬ ಅರ್ಧವನ್ನು ಗಟ್ಟಿಯಾಗಿ ಹಿಡಿದುಕೊಂಡ ನಾವು, ಯಾರನ್ನು ನೋಡಿಕೊಳ್ಳಬೇಕು ಎಂಬ ಇನ್ನರ್ಧವನ್ನು ಕೈಬಿಟ್ಟಿದ್ದೇವೆ.

ಹೆಂಗಸಿನ ಮಾತಿಗೆ ಇಲ್ಲಿರುವ ತೂಕವನ್ನೂ ನೋಡೋಣ. ಬುಖಾರಿಯಲ್ಲಿ ಉಕ್ಬಾ ಬಿನ್ ಹಾರಿಸ್ (ರ) ಅವರ ಪ್ರಸಂಗವಿದೆ. ಅವರ ಮದುವೆಯಾದ ಮೇಲೆ ಒಬ್ಬ ಕಪ್ಪು ವರ್ಣದ ದಾಸಿ ಬಂದು, ನಿಮ್ಮಿಬ್ಬರಿಗೂ ನಾನೇ ಹಾಲೂಡಿದ್ದೆ ಎಂದಳು. ಉಕ್ಬಾ ಮಕ್ಕಾದಿಂದ ಮದೀನಾಕ್ಕೆ ಸವಾರಿ ಹೋಗಿ ಪ್ರವಾದಿಯವರಲ್ಲಿ (ಸ) ಕೇಳಿದರು. ಹಾಗೊಂದು ಮಾತು ಬಂದ ಮೇಲೆ ಹೇಗೆ ಮುಂದುವರಿಯುತ್ತೀ ಎಂಬುದು ಸಿಕ್ಕ ಉತ್ತರ. ಅವರು ಹೆಂಡತಿಯಿಂದ ಬೇರ್ಪಟ್ಟರು. ಸಮಾಜದ ತೀರ ಕೆಳಗಿನ ಮೆಟ್ಟಿಲಲ್ಲಿದ್ದ ಒಬ್ಬ ಹೆಂಗಸಿನ ಒಂದೇ ಮಾತು ಒಂದು ಮದುವೆಯನ್ನು ನಿಲ್ಲಿಸಿತು. ಇದನ್ನು ಆಧರಿಸಿ ಇಮಾಮ್ ಅಹ್ಮದ್ ಒಬ್ಬ ವಿಶ್ವಾಸಾರ್ಹ ಹೆಂಗಸಿನ ಸಾಕ್ಷ್ಯ ಸಾಕೆಂದರು. ಶಾಫಿಈ ಪಂಥ ನಾಲ್ವರು ಹೆಂಗಸರನ್ನು ಕೇಳಿತು. ಹನಫೀ ಪಂಥ ಹೆಂಗಸರ ಸಾಕ್ಷ್ಯವೊಂದೇ ಸಾಲದು, ಇಬ್ಬರು ಗಂಡಸರು ಅಥವಾ ಒಬ್ಬ ಗಂಡಸು ಇಬ್ಬರು ಹೆಂಗಸರು ಬೇಕೆಂದಿತು. ಸುಲಭವಾಗಿ ಮದುವೆಗಳು ಮುರಿಯಬಾರದೆಂಬ ಕಾಳಜಿ ಇದರ ಹಿಂದಿದೆ, ಅದನ್ನು ಅಲ್ಲಗಳೆಯಬೇಕಿಲ್ಲ. ಆದರೂ ಬಾಗಿಲು ಮುಚ್ಚಿದ ಬಾಣಂತಿ ಕೋಣೆಯಲ್ಲಿ ನಡೆಯುವ ಹಾಲೂಡಿಕೆಗೆ ಗಂಡಸು ಸಾಕ್ಷಿ ಎಲ್ಲಿಂದ ಬರಬೇಕು?

ಮತಭೇದ ಇದೊಂದರಲ್ಲೇ ಅಲ್ಲ. ಎಷ್ಟು ಸಲ ಕುಡಿದರೆ ನಂಟು? ಎರಡು ವರ್ಷದೊಳಗೆ ಒಂದು ಗುಟುಕು ಇಳಿದರೂ ಸಾಕೆಂದು ಹನಫೀ ಮತ್ತು ಮಾಲಿಕೀಗಳು. (ಇಮಾಮ್ ಅಬೂಹನೀಫಾ ಅವಧಿಯನ್ನು ಮೂವತ್ತು ತಿಂಗಳಿಗೆ ವಿಸ್ತರಿಸುತ್ತಾರೆ.) ಹಝ್ರತ್ ಆಯಿಶಾ (ರ) ಅವರ ವರದಿಯನ್ನು ಆಧರಿಸಿ ಐದು ಸಲವಾದರೂ ಆಗಬೇಕೆಂದು ಶಾಫಿಈ ಮತ್ತು ಹಂಬಲೀಗಳು. ಕರ್ನಾಟಕದಲ್ಲಿ ಇದು ಪುಸ್ತಕದ ಚರ್ಚೆಯಷ್ಟೇ ಅಲ್ಲ. ಒಳನಾಡಿನ ದಖನಿ ಮುಸ್ಲಿಮರು ಬಹುಪಾಲು ಹನಫೀ, ಕರಾವಳಿಯ ಬ್ಯಾರಿ ಮತ್ತು ನವಾಯತರು ಶಾಫಿಈ. ಒಂದೇ ಆಸ್ಪತ್ರೆಯಲ್ಲಿ ಪಕ್ಕದ ಹಾಸಿಗೆಯ ತಾಯಿ ಒಂದೇ ಒಂದು ಸಲ ಎತ್ತಿಕೊಂಡು ಹಾಲು ಕೊಟ್ಟರೆ ಮೈಸೂರಿನ ಮಗು ಅವಳ ಮಗುವಾಗುತ್ತದೆ, ಮಂಗಳೂರಿನ ಮಗು ಆಗುವುದಿಲ್ಲ. ಎರಡೂ ಸರಿಯೆಂದು ಒಪ್ಪಿಕೊಂಡೇ ಇಷ್ಟು ಶತಮಾನ ಜೊತೆಗೆ ಬಾಳಿದ ಸಮುದಾಯ ನಮ್ಮದು. ಈ ವೈವಿಧ್ಯವನ್ನು ನೆನಪಿಟ್ಟುಕೊಂಡರೆ ಮುಂದಿನ ಪ್ರಶ್ನೆಯನ್ನು ಎದುರಿಸುವುದು ಕಷ್ಟವಾಗಲಾರದು.

ಮುಂದಿನ ಪ್ರಶ್ನೆ ಎದೆಹಾಲಿನ ಬ್ಯಾಂಕ್. ಭಾರತದಲ್ಲಿ ಮೊದಲನೆಯದು 1989ರಲ್ಲಿ ಮುಂಬೈಯ ಸಯಾನ್ ಆಸ್ಪತ್ರೆಯಲ್ಲಿ ಶುರುವಾಯಿತು. 2022ರಲ್ಲಿ ಬೆಂಗಳೂರಿನ ವಾಣಿವಿಲಾಸ ಆಸ್ಪತ್ರೆಗೂ ಬಂತು. ತಿಂಗಳು ತುಂಬುವ ಮೊದಲೇ ಹುಟ್ಟಿದ, ಅಂಗೈಯಷ್ಟಿರುವ ಕೂಸಿಗೆ ತಾಯಿಯ ಹಾಲು ಸಿಗದಿದ್ದರೆ, ಡಬ್ಬಿ ಹಾಲಿಗಿಂತ ಇನ್ನೊಬ್ಬ ತಾಯಿಯ ಹಾಲು ಮೇಲು. ಕರುಳು ಕೊಳೆಯುವ ಮಾರಕ ಕಾಯಿಲೆಯ ಅಪಾಯ ಅದರಿಂದ ಕಡಿಮೆಯಾಗುತ್ತದೆ ಎಂಬುದು ವೈದ್ಯರ ಅನುಭವಸಿದ್ಧ ಮಾತು. ದಾನಿಗಳ ಹಾಲನ್ನು ಪರೀಕ್ಷಿಸಿ, 62.5 ಡಿಗ್ರಿ ಶಾಖದಲ್ಲಿ ಅರ್ಧ ಗಂಟೆ ಕಾಯಿಸಿ, ಹೆಪ್ಪುಗಟ್ಟಿಸಿ ಇಡುತ್ತಾರೆ. ಹಲವು ಕಡೆ ಹಲವರ ಹಾಲನ್ನು ಒಟ್ಟು ಬೆರೆಸುತ್ತಾರೆ. ತೊಡಕು ಇಲ್ಲೇ. ಯಾರ ಹಾಲು ಯಾರ ಹೊಟ್ಟೆ ಸೇರಿತು ಎಂದು ತಿಳಿಯದಿದ್ದರೆ ಮುಂದೆ ಅಣ್ಣತಂಗಿಯರೇ ಮದುವೆಯಾಗಿಬಿಟ್ಟರೆ?

ಈ ಆತಂಕ ಹುಸಿಯಲ್ಲ, ಅದನ್ನು ಲೇವಡಿ ಮಾಡುವ ಹಕ್ಕು ಯಾರಿಗೂ ಇಲ್ಲ. ಆದರೆ ಉತ್ತರ ಒಂದೇ ಅಲ್ಲ. 1983ರಲ್ಲಿ ಕುವೈತ್‌ನ ವಿಚಾರ ಸಂಕಿರಣದಲ್ಲಿ ಯೂಸುಫ್ ಅಲ್ ಕರ್ಝಾವಿ, ಹಾಲೂಡಿಕೆಯೆಂದರೆ ಎದೆಗೆ ಬಾಯಿಟ್ಟು ಕುಡಿಯುವುದು, ಸಂಶಯದಿಂದ ನಂಟು ಹುಟ್ಟದು ಎಂದು ಬ್ಯಾಂಕ್‌ಗಳನ್ನು ಸಮ್ಮತಿಸಿದರು. 1985ರಲ್ಲಿ ಜಿದ್ದಾದ ಅಂತಾರಾಷ್ಟ್ರೀಯ ಫಿಕ್‌ಹ್ ಅಕಾಡೆಮಿ ನಿಷೇಧಿಸಿತು. ಇರಾನಿನ ತಬ್ರೀಝ್‌ನಲ್ಲಿ 2016ರಲ್ಲಿ, ಮುಫ್ತಿಗಳ ಸಮ್ಮತಿಯೊಡನೆ ಸಿಂಗಾಪುರದಲ್ಲಿ 2017ರಲ್ಲಿ ಬ್ಯಾಂಕ್ ತೆರೆಯಿತು. 2024ರ ಜೂನ್‌ನಲ್ಲಿ ಕರಾಚಿಯ ಸರ್ಕಾರಿ ಮಕ್ಕಳ ಸಂಸ್ಥೆಯೊಂದು ಆರಂಭಿಸಿದ ಬ್ಯಾಂಕ್, ಮೊದಲು ಷರತ್ತಿನ ಮೇಲೆ ಒಪ್ಪಿದ್ದ ದಾರುಲ್ ಉಲೂಮ್ ತನ್ನ ಫತ್ವಾವನ್ನು ಬದಲಿಸಿದ್ದರಿಂದ ಅದೇ ತಿಂಗಳು ನಿಂತುಹೋಯಿತು. ಅಲ್ಲಿಯ ಅವಧಿಪೂರ್ವ ಕೂಸುಗಳ ಪರವಾಗಿ ಮಾತಾಡಿದವರ ದನಿ ಗದ್ದಲದಲ್ಲಿ ಕೇಳಲಿಲ್ಲ. ಹಾಲಿನ ನಂಟು ಅದಕ್ಕೂ ಮೊದಲು ಪತ್ರಿಕೆಗಳ ಮುಖಪುಟಕ್ಕೆ ಬಂದದ್ದು 2007ರಲ್ಲಿ, ಅಲ್ ಅಝ್‌ಹರ್‌ನ ಅಧ್ಯಾಪಕರೊಬ್ಬರು ಕಚೇರಿಯ ಸಹೋದ್ಯೋಗಿಗಳ ನಡುವೆ ವಯಸ್ಕರ ಹಾಲೂಡಿಕೆಯ ವಿಚಿತ್ರ ಸಲಹೆ ಕೊಟ್ಟು ಅಮಾನತಾದಾಗ. ನಗೆಪಾಟಲಾದಾಗ ಒಮ್ಮೆ, ಬಾಗಿಲು ಮುಚ್ಚುವಾಗ ಒಮ್ಮೆ. ಇಷ್ಟು ಘನವಾದ ವಿಷಯ ನಮ್ಮ ಸಾರ್ವಜನಿಕ ಮಾತುಕತೆಗೆ ಬರುವುದು ಹೀಗೆ ಮಾತ್ರವೆ?

ಬಾಗಿಲು ಮುಚ್ಚದೆಯೂ ನಂಟನ್ನು ಕಾಪಾಡಬಹುದು. ದಾರಿಯನ್ನು ನಮ್ಮ ಹಳೆಯ ಗ್ರಂಥಗಳೇ ತೋರಿಸಿವೆ. ಹದಿನೈದನೇ ಶತಮಾನದ ಹನಫೀ ವಿದ್ವಾಂಸ ಇಬ್ನುಲ್ ಹುಮಾಮ್ ತಮ್ಮ ‘ಫತ್‌ಹುಲ್ ಕದೀರ್’ನಲ್ಲಿ, ಹೆಂಗಸರು ಅಗತ್ಯವಿಲ್ಲದೆ ಕಂಡ ಕಂಡ ಮಕ್ಕಳಿಗೆ ಹಾಲೂಡಬಾರದು, ಊಡಿದರೆ ಅದನ್ನು ನೆನಪಿಡಬೇಕು, ಎಲ್ಲರಿಗೂ ತಿಳಿಸಬೇಕು, ಬರೆದಿಡಬೇಕು ಎಂಬರ್ಥದ ಮಾತು ಹೇಳಿದ್ದಾರೆ. ಅಗತ್ಯ ಬಿದ್ದರೆ ಊಡಬೇಡಿ ಎನ್ನಲಿಲ್ಲ. ಬರೆದಿಡಿ ಎಂದರು. ಆಸ್ಪತ್ರೆಯಲ್ಲಿ ದಾನಿಯ ದಾಖಲೆ ಹೇಗೂ ಇರುತ್ತದೆ. ಹಾಲನ್ನು ಬೆರೆಸದೆ ಒಬ್ಬರ ಹಾಲನ್ನು ಗೊತ್ತಾದ ಮಗುವಿಗೇ ಕೊಡುವುದು, ಎರಡೂ ಮನೆಯವರು ಒಪ್ಪಿದರೆ ಹೆಸರು ವಿನಿಮಯ ಮಾಡಿಕೊಳ್ಳುವುದು, ಮಗುವಿನ ಚೀಟಿಯಲ್ಲಿ ಹಾಲು ಕೊಟ್ಟವಳ ಹೆಸರು ನಮೂದಿಸುವುದು ಅಸಾಧ್ಯವಾದ ಕೆಲಸಗಳಲ್ಲ. ನಮ್ಮ ಜಮಾಅತ್‌ಗಳು, ವೈದ್ಯರು ಮತ್ತು ಉಲಮಾಗಳು ಒಂದು ಮೇಜಿನ ಸುತ್ತ ಕೂತು ಆಸ್ಪತ್ರೆಗಳಲ್ಲಿ ಕೇಳಿದರೆ ಆಗಬಹುದಾದದ್ದು. ಹಾಗೆ ಕೂರುವಾಗ ಆ ಮೇಜಿನ ಸುತ್ತ ಹಾಲೂಡಿದ ಹೆಂಗಸರೂ ಇರಬೇಕು.

ಹೆಸರು ಬರೆಯುವುದರಿಂದ ಇನ್ನೊಂದು ಲಾಭವೂ ಇದೆ. ನಮ್ಮ ಮನೆತನಗಳ ಶಜರಾಗಳಲ್ಲಿ ಅಪ್ಪ, ಅಜ್ಜ, ಮುತ್ತಜ್ಜಂದಿರ ಹೆಸರುಗಳು ಸಾಲುಗಟ್ಟಿ ನಿಂತಿರುತ್ತವೆ. ನಾನು ಕಂಡ ನಿಕಾಹ್‌ನಾಮಾಗಳಲ್ಲಿ ವಕೀಲರಿಗೂ ಸಾಕ್ಷಿಗಳಿಗೂ ಜಾಗವಿದೆ, ಮಹರ್‌ನ ಮೊತ್ತಕ್ಕೂ ಜಾಗವಿದೆ. ಹಾಲೂಡಿದವಳ ಹೆಸರಿಗೆ ಒಂದು ಗೆರೆಯಿಲ್ಲ. ಮದುವೆ ನಿಷಿದ್ಧವೋ ಅಲ್ಲವೋ ಎಂದು ತಿಳಿಯಲು ಯಾವ ಹೆಸರು ಬೇಕೋ ಆ ಹೆಸರೇ ಕಾಗದದಲ್ಲಿಲ್ಲ! ಶಂಕೆಯಿಂದ ಬ್ಯಾಂಕನ್ನು ಮುಚ್ಚಿಸುವುದಕ್ಕಿಂತ ಆ ಒಂದು ಗೆರೆಯನ್ನು ಎಳೆಯುವುದು ಸುಲಭ, ಶರೀಅತ್ತಿಗೂ ಹತ್ತಿರ.

ಇಬ್ನ್ ಇಸ್‌ಹಾಕ್ ಆ ಕೆಲಸವನ್ನು ಎಂದೋ ಮಾಡಿದ್ದರು. ಅವರು ಹಲೀಮಾರ ಹೆಸರು, ತಂದೆಯ ಹೆಸರು, ಗಂಡ ಹಾರಿಸ್, ಮಗ ಅಬ್ದುಲ್ಲಾ, ಹೆಣ್ಣುಮಕ್ಕಳಾದ ಉನೈಸಾ, ಶೈಮಾ ಎಲ್ಲರನ್ನೂ ಬರೆದಿಟ್ಟರು. ಆ ಬರಗಾಲದ ರಾತ್ರಿ ಹಸಿವಿನಿಂದ ಅತ್ತ ಕೂಸೇ ಈ ಅಬ್ದುಲ್ಲಾ. ಬರುವ ರಬೀಉಲ್ ಅವ್ವಲ್‌ನಲ್ಲಿ ಕಥೆ ಹೇಳುವವರು ಅವನ ಹೆಸರನ್ನೂ ಒಮ್ಮೆ ಹೇಳಲಿ.